ನನ್ನ ಪಿಯುಸಿ ಕೊನೆಗೂ ಕೆಲಸಕ್ಕೆ ಬಂತು ಕಣೇ

ಮೈಸೂರು
ಭಾನುವಾರ ಸಂಜೆ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಅಮ್ಮಾ, ಆ ಬಿಸಿಲಲ್ಲಿ ಹೋಗಿ ನಾಲ್ಕು ಗಂಟೆ ಕೂತು ಯಾರದೋ ಪರೀಕ್ಷೆ ಬರೆದುಕೊಟ್ಟು ಬರ್ತೀಯ, ನಿನಗೇನು ಸಿಗುತ್ತೆ ಅದರಿಂದ?" ಅಂತ. ನಾನು "ಪುಣ್ಯ ಬರುತ್ತೆ ಬಿಡು" ಅಂದು ಮಾತು ಹಾರಿಸಿದೆ. ಒಲೆ ಮೇಲೆ ಒಗ್ಗರಣೆ ಸೀಯುತ್ತಿತ್ತು, ಅದಕ್ಕೆ. ಆದರೆ ಅದು ನಿಜವಾದ ಉತ್ತರ ಅಲ್ಲ. ಪುಣ್ಯದ ಲೆಕ್ಕ ಇಡುವವರು ಬೇರೆ ಇದ್ದಾರೆ, ನನಗೆ ಅದು ಗೊತ್ತಿಲ್ಲ. ನನಗೆ ಏನು ಸಿಕ್ಕಿತು ಅನ್ನುವುದು ಮಾತ್ರ ಚೆನ್ನಾಗಿ ಗೊತ್ತು. ಫೋನಿನಲ್ಲಿ ಹೇಳಲು ಹೋದರೆ ನಡುವೆ ನಿನಗೊಂದು ಮೀಟಿಂಗ್ ಬರುತ್ತದೆ. ಕಾಗದ ಆದರೆ ನಡುವೆ ಬಾಯಿ ಹಾಕೋಕೆ ಆಗಲ್ಲ ಅಲ್ವಾ.

ನೀನು ಪುಣೆಗೆ ಹೋದ ಮೇಲೆ ಮೂರು ತಿಂಗಳು ನಾನು ದಿನಾ ಮೂರು ಜನರ ಅಕ್ಕಿಯನ್ನೇ ಇಡುತ್ತಿದ್ದೆ. ನಿಮ್ಮಪ್ಪ ರಾತ್ರಿ ಹೊತ್ತು ಚಿತ್ರಾನ್ನ ತಿಂದು ತಿಂದು ಸಾಕಾಗಿ, "ಪುಟ್ಟಿ ಹೋಗಿದ್ದಾಳೆ ಅಂತ ಪಾತ್ರೆಗೆ ಯಾರಾದ್ರೂ ಹೇಳಿ" ಅಂದರು. ಸಂಜೆ ಆರಕ್ಕೆ ಟಿವಿ ಹಾಕಿದರೆ ಹತ್ತಕ್ಕೆ ಆಫ್ ಮಾಡುತ್ತಿದ್ದೆ. ಯಾವ ಧಾರಾವಾಹಿಯಲ್ಲಿ ಯಾರು ಯಾರ ಸೊಸೆ ಅಂತ ಕೇಳಿದ್ದರೆ ಹೇಳೋಕೆ ಬರುತ್ತಿರಲಿಲ್ಲ.

ಆಗಲೇ ಹಿಂದಿನ ಬೀದಿಯ ಟೀಚರ್ ಗೇಟಿನ ಹತ್ತಿರ ನಿಂತು ಕೇಳಿದರು. "ನಿಮ್ಮ ಅಕ್ಷರ ಮುದ್ದಾಗಿದೆ. ಕಣ್ಣು ಕಾಣದ ಮಕ್ಕಳಿಗೆ ಪರೀಕ್ಷೆ ಬರೆದುಕೊಡ್ತೀರಾ? ಅಂದಹಾಗೆ ನೀವು ಓದಿರೋದು ಎಷ್ಟು?"

ಆ ಕೊನೆಯ ಪ್ರಶ್ನೆ ನನಗೆ ಎಷ್ಟು ಹಳೆಯ ವೈರಿ ಅಂತ ನಿನಗೆ ಗೊತ್ತು. 1989ರಲ್ಲಿ ಪಿಯುಸಿ ಮುಗಿಯಿತು, ಮಾರನೇ ವರ್ಷ ಮದುವೆ. ಆಮೇಲೆ ಯಾವ ಫಾರ್ಮ್ ಬಂದರೂ ಆ ಒಂದು ಸಾಲನ್ನು ನಾನು ಸಣ್ಣ ಅಕ್ಷರದಲ್ಲಿ ತುಂಬುತ್ತಿದ್ದೆ. ನೀನು ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ಫಾರ್ಮ್ ನೀನೇ ತುಂಬಿದ್ದೆ. "ತಾಯಿಯ ವಿದ್ಯಾರ್ಹತೆ" ಅನ್ನುವ ಕಡೆ ಬಿ.ಎ. ಅಂತ ಬರೆದಿದ್ದೆ. ನಾನು ನೋಡಿದೆ ಕಣೇ. ಏನೂ ಹೇಳದೆ ಸೈನ್ ಹಾಕಿ ಬ್ಯಾಗಿಗೆ ಇಟ್ಟೆ. ಬೈಯೋಕೆ ಹೇಳ್ತಾ ಇಲ್ಲ, ಮುಂದಿನ ಮಾತಿಗೆ ಇದು ಬೇಕು.

ಟೀಚರಿಗೆ "ಪಿಯುಸಿ ಅಷ್ಟೇ" ಅಂದೆ. ಅವರು, "ಅಯ್ಯೋ ಒಳ್ಳೇದೇ ಆಯ್ತು!" ಅಂದರು. ನಾನು ತಮಾಷೆ ಅಂದುಕೊಂಡೆ. ತಮಾಷೆ ಅಲ್ಲವಂತೆ. ಪರೀಕ್ಷೆ ಬರೆದುಕೊಡುವವರಿಗೆ ಸ್ಕ್ರೈಬ್ ಅನ್ನುತ್ತಾರೆ. 2018ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಇದಕ್ಕೆ ನಿಯಮ ಮಾಡಿದೆ. ವಿದ್ಯಾರ್ಥಿ ತಾನೇ ಸ್ಕ್ರೈಬ್ ಕರೆತಂದರೆ, ಬಂದವರ ಓದು ವಿದ್ಯಾರ್ಥಿಯ ಓದಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕು ಅಂತ ಅದರಲ್ಲಿತ್ತು. ಜಾಸ್ತಿ ಓದಿದವರು ಬಂದರೆ ತಾವೇ ಉತ್ತರ ಬರೆದುಬಿಟ್ಟಾರು ಅನ್ನುವ ಅನುಮಾನ. ಹಾಗಾಗಿ ಬಿ.ಎ. ಓದುವ ಮಕ್ಕಳಿಗೆ ಡಿಗ್ರಿ ಆದವರು ಆಗಲ್ಲ, ಪಿಯುಸಿ ಆದವರು ಬೇಕು. ನಮ್ಮ ಬಡಾವಣೆಯಲ್ಲಿ ಎಂಜಿನಿಯರು, ಡಾಕ್ಟರು, ಪ್ರೊಫೆಸರು ಎಲ್ಲ ಸಿಗುತ್ತಾರೆ. ಬಿಡುವಿರುವ ಪಿಯುಸಿ ಸಿಗುವುದಿಲ್ಲ!

ಟ್ರಂಕಿನ ತಳದಿಂದ ಮಾರ್ಕ್ಸ್ ಕಾರ್ಡ್ ತೆಗೆದೆ. ಮಡಿಕೆಯ ಜಾಗದಲ್ಲಿ ಹರಿದಿತ್ತು, ನಿಮ್ಮಪ್ಪ ಸೆಲ್ಲೋಟೇಪ್ ಹಚ್ಚಿಕೊಟ್ಟರು. ಕಾಲೇಜಿನ ಆಫೀಸಿನವರು ಅದನ್ನೂ ಆಧಾರ್ ಕಾರ್ಡನ್ನೂ ಪಕ್ಕಪಕ್ಕ ಇಟ್ಟು ನೋಡಿ, "ಇದರ ಮುಂದೆ ಓದಿಲ್ಲ ತಾನೇ?" ಅಂತ ಎರಡು ಸಲ ಕೇಳಿದರು. "ಓದಿಲ್ಲ" ಅಂದೆ. "ಗುಡ್" ಅಂದು ಸೀಲ್ ಹೊಡೆದರು. ಈ ಮಾತಿಗೆ ಒಬ್ಬರು ಗುಡ್ ಅಂದದ್ದು ಅದೇ ಮೊದಲು. ಹೊರಗೆ ಬಂದು ಒಬ್ಬಳೇ ನಕ್ಕೆ. ನನಗೇನು ಸಿಕ್ಕಿತು ಅಂದೆಯಲ್ಲ, ಮೊದಲನೆಯದು ಅದು.

ಮೊದಲ ಪರೀಕ್ಷೆ ಕೊಳ್ಳೇಗಾಲದ ಕಡೆಯ ಒಬ್ಬ ಹುಡುಗಿಯದು. ಬಿ.ಎ. ಎರಡನೇ ವರ್ಷ, ಹುಟ್ಟಿನಿಂದಲೇ ದೃಷ್ಟಿ ಇಲ್ಲ. ಬಸ್ ಸ್ಟಾಪಿನಲ್ಲಿ ಸಿಕ್ಕಳು. ನಾನು ಮಗುವಿನ ಕೈ ಹಿಡಿದ ಹಾಗೆ ಅವಳ ಮಣಿಕಟ್ಟು ಹಿಡಿದು ಎಳೆದುಕೊಂಡು ಹೊರಟೆ. ನಾಲ್ಕು ಹೆಜ್ಜೆ ಬಂದಳು, ನಿಂತಳು. "ಆಂಟಿ, ನೀವು ನನ್ನ ಹಿಡೀಬೇಡಿ, ನಾನು ನಿಮ್ಮನ್ನ ಹಿಡೀತೀನಿ" ಅಂದು ನನ್ನ ಮೊಣಕೈಯ ಮೇಲ್ಭಾಗ ಹಿಡಿದು ಅರ್ಧ ಹೆಜ್ಜೆ ಹಿಂದೆ ನಿಂತಳು. ಹಾಗೆ ಹಿಡಿದರೆ ನಾನು ತಿರುಗಿದ್ದು, ನಿಂತದ್ದು ಎಲ್ಲ ಅವಳಿಗೆ ನನ್ನ ಮೈಯಿಂದಲೇ ಗೊತ್ತಾಗುತ್ತದಂತೆ. ಕಾಲೇಜಿನ ಮುಂದೆ "ಮೆಟ್ಟಿಲು ಇದೆ ಕಣಮ್ಮ" ಅಂದೆ. "ಹತ್ತೋದಾ, ಇಳಿಯೋದಾ ಅಂತ ಹೇಳಿ ಆಂಟಿ, ಬರೀ ಇದೆ ಅಂದ್ರೆ ಏನು ಮಾಡ್ಲಿ?" ಅಂದಳು. ಸಹಾಯ ಮಾಡೋಕೆ ಅಂತ ಹೋದವಳಿಗೆ ಹತ್ತು ನಿಮಿಷದಲ್ಲಿ ಎರಡು ಪಾಠ.

ನಮಗೆ ಕೊಟ್ಟದ್ದು ಬೇರೆ ಕೋಣೆ. ಆಟದ ಸಾಮಾನು ಇಡುವ ಕೋಣೆ ಇರಬೇಕು, ಮೂಲೆಯಲ್ಲಿ ಸುತ್ತಿಟ್ಟ ಮ್ಯಾಟಿನ ವಾಸನೆ. ನಾವಿಬ್ಬರು, ಒಬ್ಬರು ಮೇಲ್ವಿಚಾರಕರು. 3 ಗಂಟೆಯ ಪರೀಕ್ಷೆಗೆ ಇವರಿಗೆ 4 ಗಂಟೆ, ಗಂಟೆಗೆ 20 ನಿಮಿಷದ ಲೆಕ್ಕದಲ್ಲಿ ಜಾಸ್ತಿ ಸಮಯ. ಮೊದಲು ಪ್ರಶ್ನೆಪತ್ರಿಕೆ ಪೂರ್ತಿ ಎರಡು ಸಲ ಓದಿಸಿಕೊಂಡಳು. ಆಮೇಲೆ "ಐದನೇದು ಮೊದಲು ಬರೆಯೋಣ" ಅಂದಳು. ನಾನು ನಂಬರ್ ಹಾಕಿದೆ. ಅವಳು ಹೇಳುತ್ತಾ ಹೋದಳು, ನಾನು ಬರೆಯುತ್ತಾ ಹೋದೆ. "ಇಲ್ಲಿ ಪ್ಯಾರಾ ಬಿಡಿ." "ಇದಕ್ಕೆ ಅಡಿಗೆರೆ." ನಡುನಡುವೆ "ಎಷ್ಟು ಪುಟ ಆಯ್ತು?" ನನ್ನ ಅಕ್ಷರ ದಪ್ಪ, ಪುಟ ಬೇಗ ತುಂಬುತ್ತದೆ. ಅವಳಿಗೆ ಅದು ಬಹಳ ಖುಷಿ.

ಆಮೇಲೆ ಒಂದು ಮಾರ್ಕಿನ ಪ್ರಶ್ನೆಗಳು ಬಂದವು. ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟ ವರ್ಷ ಯಾವುದು? ಅವಳು ತಡಮಾಡದೆ "1956" ಅಂದಳು.

ನನ್ನ ಪೆನ್ನು ನಿಂತಿತು. 1956 ನವೆಂಬರ್ 1ರಂದು ರಾಜ್ಯ ಒಂದಾಯಿತು ನಿಜ, ಆದರೆ ಹೆಸರು ಆಗಲೂ ಮೈಸೂರೇ. ಕರ್ನಾಟಕ ಆದದ್ದು 1973ರಲ್ಲಿ. ನಾನು ಹುಟ್ಟಿದ್ದೇ ಮೈಸೂರು ರಾಜ್ಯದಲ್ಲಿ, ನನಗೆ ಗೊತ್ತಿರಲ್ವಾ? ಹೇಳುವ ಹಾಗಿಲ್ಲ. ಸ್ಕ್ರೈಬ್ ಕಿವಿ ಮತ್ತು ಕೈ ಮಾತ್ರ. ಎರಡು ಉಸಿರಿನಷ್ಟು ಹೊತ್ತು ಸುಮ್ಮನಿದ್ದು 1956 ಅಂತಲೇ ಬರೆದೆ. ಒಂದೊಂದು ಅಂಕಿ ಬರೆಯುವಾಗಲೂ ಕೈ ತಡೆಯಿತು.

ಪರೀಕ್ಷೆ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಟೀ ಕುಡಿಯುವಾಗ ಅವಳೇ ತೆಗೆದಳು. "ಆಂಟಿ, ಆ ಪ್ರಶ್ನೆಗೆ ಪೆನ್ ನಿಲ್ಲಿಸಿದ್ರಲ್ಲ, ಆಗಲೇ ಗೊತ್ತಾಯ್ತು ತಪ್ಪು ಅಂತ. ಸರಿ ಯಾವುದು ಅಂತ ಮಾತ್ರ ಹೊಳೀಲಿಲ್ಲ!" ಅಂದು ಟೀ ಚೆಲ್ಲುವ ಹಾಗೆ ನಕ್ಕಳು. ಆಮೇಲೆ ಗಂಭೀರವಾಗಿ, "ಇನ್ಮೇಲೆ ಪೆನ್ ನಿಲ್ಲಿಸಬೇಡಿ ಆಂಟಿ, ನಮಗೆ ಅದೂ ಕೇಳಿಸುತ್ತೆ" ಅಂದಳು.

ಅವತ್ತಿನಿಂದ ನಾನು ಪೆನ್ನು ನಿಲ್ಲಿಸದೆ ಬರೆಯುವುದನ್ನು ಕಲಿತೆ. ಅದು ಅಕ್ಷರದ ವಿಷಯ ಅಲ್ಲ. ಎದುರಿನವರು ತಪ್ಪು ಹೇಳುತ್ತಿದ್ದಾರೆ ಅಂತ ಗೊತ್ತಿದ್ದೂ, ಮುಖದಲ್ಲಿ, ಉಸಿರಿನಲ್ಲಿ, ಬೆರಳಿನಲ್ಲಿ ಎಲ್ಲೂ ತೋರಿಸದೆ ಪೂರ್ತಿ ಕೇಳುವುದು. ನಿನ್ನ ಜೊತೆ ನಾನು ಒಂದು ದಿನವೂ ಹಾಗೆ ಕೇಳಿದವಳಲ್ಲ. ನೀನು ಬಾಯಿ ತೆರೆಯುವ ಮೊದಲೇ ನನ್ನ ಉತ್ತರ ರೆಡಿ ಇರುತ್ತಿತ್ತು. ಈ ನಡುವೆ ನೀನು ಫೋನಿನಲ್ಲಿ ಜಾಸ್ತಿ ಹೊತ್ತು ಮಾತಾಡ್ತೀಯ, ಗಮನಿಸಿದ್ದೀಯಾ?

ಇನ್ನು ಓದು. ಒಂದು ಸೆಮಿಸ್ಟರಿಗೆ ಹನ್ನೆರಡು ಹದಿಮೂರು ಪೇಪರ್ ಬರೆಯುತ್ತೇನೆ. ಚರಿತ್ರೆ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಕನ್ನಡ. ಬೇರೆಯವರ ಬಾಯಿಂದ ಬಂದು ನನ್ನ ಕೈಯಿಂದ ಇಳಿದು ಹೋಗುವ ಬಿ.ಎ. ನನ್ನದು. ಡಿಗ್ರಿ ಕೊಡಲ್ಲ, ಕೊಟ್ಟರೆ ಕೆಲಸವೂ ಹೋಗುತ್ತದೆ! ಆದರೆ ತಲೆಯಲ್ಲಿ ಉಳಿಯುತ್ತದೆ. ದೇವರಾಜ ಮಾರ್ಕೆಟ್ಟಿಗೆ ಹೋಗುವಾಗ ಟೌನ್ ಹಾಲ್ ಮುಂದೆ ಮೂವತ್ತು ವರ್ಷ ಓಡಾಡಿದ್ದೇನೆ. ನನ್ನ ಪಾಲಿಗೆ ಅದು ಪಾರ್ಕಿಂಗ್ ಜಾಗ. ಒಬ್ಬ ಹುಡುಗ ಹತ್ತು ಮಾರ್ಕಿನ ಉತ್ತರ ಹೇಳುವಾಗ, ದಿವಾನ್ ರಂಗಾಚಾರ್ಲು 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದರು ಅಂತ ಬರೆದುಕೊಂಡೆ. ಮಾರನೇ ದಿನ ಸೊಪ್ಪು ತರಲು ಹೋದಾಗ ಬೋರ್ಡ್ ಓದಿದೆ. ಅದು ಅದೇ ರಂಗಾಚಾರ್ಲು ಅವರ ಹೆಸರಿನ ಹಾಲ್ ಕಣೇ! ಕೈಯಲ್ಲಿ ದಂಟಿನ ಸೊಪ್ಪು ಹಿಡಿದುಕೊಂಡು ಸುಮ್ನೆ ನೋಡುತ್ತಾ ನಿಂತೆ.

ಪರೀಕ್ಷೆ ಇಲ್ಲದ ತಿಂಗಳಲ್ಲಿ ಪಾಠ ಓದಿ ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಕಳಿಸುತ್ತೇನೆ. ಫೋನೇ ಓದಿ ಹೇಳುತ್ತದೆ ಈಗ, ಆದರೆ ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕ, ಕೈಬರಹದ ನೋಟ್ಸ್ ಬಂದರೆ ಅದಕ್ಕೆ ತಡವರಿಕೆ. ಆಗ ನಾನು ಬೇಕು. ಅಡುಗೆಮನೆಯ ಪಕ್ಕ ಕೂತು ಓದುತ್ತೇನೆ. ಫ್ರಾನ್ಸಿನ ಕ್ರಾಂತಿ ಓದಿದ ದಿನ ಬೇಳೆ ಇಟ್ಟಿದ್ದೆ, ಮರೆತಿದ್ದೆ. ಅದನ್ನು ಕೇಳಿದ ಹುಣಸೂರಿನ ಒಬ್ಬ ಹುಡುಗ ಆಮೇಲೆ ಹೇಳಿದ, "ಆಂಟಿ, ಪರೀಕ್ಷೆಯಲ್ಲಿ ನಂಗೆ ಪೂರ್ತಿ ನೆನಪಿತ್ತು. ನಾಲ್ಕನೇ ವಿಶಲ್ ಆದ್ಮೇಲೆ ಬ್ಯಾಸ್ಟೀಲ್ ಬೀಳುತ್ತೆ." ಹಾಸ್ಟೆಲಿನಲ್ಲಿ ಆ ರೆಕಾರ್ಡಿಂಗಿಗೆ "ಕುಕ್ಕರ್ ಪಾಠ" ಅಂತ ಹೆಸರಂತೆ. ಅವರು ಅದನ್ನು ಎರಡರಷ್ಟು ಸ್ಪೀಡಿನಲ್ಲಿ ಕೇಳುತ್ತಾರೆ. ಒಮ್ಮೆ ಕೇಳಿಸಿದ, ನನ್ನ ಧ್ವನಿ ಗುಬ್ಬಿ ಚಿಲಿಪಿಲಿ ಅಂದ ಹಾಗಿತ್ತು.

ತಿಲಕ್ ನಗರದ ಅಂಧರ ಶಾಲೆ ನಿನಗೆ ನೆನಪಿದೆಯಾ? 1901ರಲ್ಲಿ ಶುರುವಾದದ್ದು. ಇದೇ ಊರಿನವರಾಗಿ ನಾವು ಒಂದು ದಿನವೂ ಒಳಗೆ ಇಣುಕಲಿಲ್ಲ. ಕೊಳ್ಳೇಗಾಲದ ಹುಡುಗಿ ನನಗೆ ಬ್ರೈಲ್ ಹೇಳಿಕೊಡುತ್ತಿದ್ದಾಳೆ. ಆರೇ ಚುಕ್ಕಿ, ಅದರಲ್ಲೇ ಎಲ್ಲ. ಅ ಅಂದರೆ ಒಂದೇ ಚುಕ್ಕಿ. ಸ್ಲೇಟ್ ಅನ್ನುವ ಕಿಂಡಿ ಕಿಂಡಿಯ ಪಟ್ಟಿಯಲ್ಲಿ ಕಾಗದ ಸಿಕ್ಕಿಸಿ ಮೊಳೆಯಂಥ ಕಡ್ಡಿಯಿಂದ ಬಲದಿಂದ ಎಡಕ್ಕೆ ಚುಚ್ಚುತ್ತಾ ಹೋಗಬೇಕು, ಹಾಳೆ ಮಗುಚಿ ಎಡದಿಂದ ಬಲಕ್ಕೆ ಓದಬೇಕು. ರಂಗೋಲಿ ಇಟ್ಟ ಕೈ ಅಲ್ವಾ, ಚುಕ್ಕಿ ಬೇಗ ಬಂತು. ಬೆರಳಿನಿಂದ ಓದುವುದು ಮಾತ್ರ ಬರುತ್ತಿಲ್ಲ. ಪಾತ್ರೆ ತಿಕ್ಕಿ ತಿಕ್ಕಿ ನನ್ನ ಬೆರಳ ತುದಿ ಒರಟಾಗಿಬಿಟ್ಟಿದೆ ಅಂತ ಅವಳೇ ಮುಟ್ಟಿ ನೋಡಿ ಹೇಳಿದಳು.

ಎಲ್ಲ ಚೆನ್ನಾಗಿದೆ ಅಂತ ಮಾತ್ರ ಬರೆದರೆ ನೀನು ನಂಬಲ್ಲ. ನಂಬಬೇಡ. ಹೋದ ವರ್ಷ ನಾನು ಒಂದು ತಪ್ಪು ಮಾಡಿದೆ.

ಹುಣಸೂರಿನ ಹುಡುಗನ ಸಮಾಜಶಾಸ್ತ್ರದ ಪೇಪರ್. ಒಪ್ಪಿಕೊಂಡಿದ್ದೆ, ಹೆಸರು ಕೊಟ್ಟಾಗಿತ್ತು, ಅನುಮತಿ ಬಂದಿತ್ತು. ಅದೇ ದಿನ ಮಂಡ್ಯದಲ್ಲಿ ನಮ್ಮ ಕಡೆಯ ಸೀಮಂತ. ನಿನ್ನ ದೊಡ್ಡಮ್ಮ ಹಿಂದಿನ ರಾತ್ರಿ ಫೋನ್ ಮಾಡಿ, "ಯಾರದೋ ಮಕ್ಕಳ ಪರೀಕ್ಷೆ ನಿನಗೆ ಜಾಸ್ತಿ ಆಯ್ತಾ?" ಅಂದರು. ನನಗೆ ಆಗಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಮದುವೆ ಆದ ದಿನದಿಂದ ಬಂದಿಲ್ಲ. ರಾತ್ರಿ ಒಂಬತ್ತಕ್ಕೆ ಹುಡುಗನಿಗೆ ಫೋನ್ ಮಾಡಿ ಬರೋಕಾಗಲ್ಲ ಅಂದೆ. "ಪರವಾಗಿಲ್ಲ ಆಂಟಿ" ಅಂದ. ಅಷ್ಟೇ. ಬೇರೆ ಯಾರಾದರೂ ಸಿಗುತ್ತಾರೆ ಅಂತ ನನಗೆ ನಾನೇ ಹೇಳಿಕೊಂಡೆ. ಬೆಳಗಾಗುವುದರೊಳಗೆ ಇನ್ನೊಬ್ಬರು ಸಿಗುವುದು, ಅವರ ಕಾಗದಪತ್ರ ಒಪ್ಪಿಗೆ ಆಗುವುದು ಎಲ್ಲಿಯ ಮಾತು? ಅವನು ಪರೀಕ್ಷೆ ಬರೆಯಲೇ ಇಲ್ಲ.

ಸೀಮಂತದ ಊಟಕ್ಕೆ ಕೂತಾಗ ಹನ್ನೆರಡೂವರೆ. ಎಲೆಗೆ ಚಿರೋಟಿ ಬಂತು. ಬರೆಯುತ್ತಿದ್ದರೆ ಇಷ್ಟು ಹೊತ್ತಿಗೆ ಮೂರನೇ ದೊಡ್ಡ ಪ್ರಶ್ನೆ ಮುಗಿದಿರುತ್ತಿತ್ತು ಅಂತ ಲೆಕ್ಕ ಹಾಕುತ್ತಿದ್ದೆ. ಚಿರೋಟಿ ಮೇಲೆ ಹಾಲು ಹಾಕಿದರು, ಅದು ನೆಂದು ಮುದ್ದೆಯಾಗುವವರೆಗೂ ಕೈ ಹಾಕಲಿಲ್ಲ.

ಆ ಪೇಪರ್ ಅವನು ಮತ್ತೆ ಕಟ್ಟಿ ಬರೆಯಬೇಕಾಯಿತು. ಆಗಲೂ ನನ್ನನ್ನೇ ಕರೆದ. ನನ್ನ ಮೇಲಿನ ಪ್ರೀತಿ ಅಂದುಕೊಂಡು "ನನ್ನೇ ಕರೆದೆಯಲ್ಲಪ್ಪ" ಅಂದೆ. "ಬೇರೆ ಯಾರು ಸಿಗ್ತಾರೆ ಆಂಟಿ" ಅಂದ. ಸಿಟ್ಟಿನಿಂದ ಹೇಳಲಿಲ್ಲ, ಇದ್ದದ್ದನ್ನು ಹೇಳಿದ. ಅದಕ್ಕೇ ಇನ್ನೂ ನೋಯುತ್ತದೆ.

ಈಗ ಒಂಟಿಕೊಪ್ಪಲ್ ಪಂಚಾಂಗದ ಕ್ಯಾಲೆಂಡರಿನಲ್ಲಿ ಪರೀಕ್ಷೆಯ ದಿನಕ್ಕೆಲ್ಲ ಕೆಂಪು ಸುತ್ತು ಹಾಕಿದ್ದೇನೆ. ಮುಹೂರ್ತದ ಮೇಲೂ ಹಾಕಿದ್ದೇನೆ. ಯಾರೇ ಕರೆದರೂ ಮೊದಲು ಅದನ್ನು ನೋಡುತ್ತೇನೆ, ಆಮೇಲೆ "ಅವತ್ತು ಆಗಲ್ಲ" ಅನ್ನುತ್ತೇನೆ. ನಿನ್ನ ದೊಡ್ಡಮ್ಮನಿಗೆ ಮೊದಲ ಸಲ ಹೇಳಿದಾಗ ಕೈ ನಡುಗಿತ್ತು. ಅವರು ಒಂದು ವಾರ ಮಾತು ಬಿಟ್ಟರು, ಆಮೇಲೆ ಅವರೇ ಹಪ್ಪಳ ಕಳಿಸಿದರು. ಐವತ್ತು ದಾಟಿದ ಮೇಲೆ ಕಲಿತ ಈ ಒಂದು ಮಾತು ನಿನ್ನ ವಯಸ್ಸಿನಲ್ಲಿ ಬಂದಿದ್ದರೆ ನನ್ನ ಮಾರ್ಕ್ಸ್ ಕಾರ್ಡುಗಳು ಇನ್ನೂ ಒಂದೆರಡು ಇರುತ್ತಿದ್ದವೋ ಏನೋ. ಇರಲಿ.

ಆರೋಗ್ಯದ ಬಗ್ಗೆ ಕೇಳ್ತೀಯ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಡಾಕ್ಟರ್ ಹೇಳಿದರು, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರಂತೆ. 50 ದಾಟಿದ ಸಾವಿರಕ್ಕೂ ಹೆಚ್ಚು ಜನರನ್ನು ನಾಲ್ಕು ವರ್ಷದ ಅಂತರದಲ್ಲಿ ನೋಡಿದರು. ವರ್ಷಕ್ಕೆ 200 ಗಂಟೆ ಇಂಥ ಕೆಲಸ ಮಾಡಿದವರಿಗೆ ಬಿಪಿ ಬರುವ ಸಾಧ್ಯತೆ ಶೇ. 40ರಷ್ಟು ಕಡಿಮೆ ಇತ್ತಂತೆ. ನಾನು ಕೂತು ಲೆಕ್ಕ ಹಾಕಿದೆ. ಪರೀಕ್ಷೆ, ರೆಕಾರ್ಡಿಂಗ್ ಎಲ್ಲ ಸೇರಿ 200ರ ಹತ್ತಿರ ಬರುತ್ತದೆ. ಆದರೆ ಬಿಪಿ ಮೊದಲೇ ಬಂದು ಕೂತಿದೆ, ಮಾತ್ರೆ ಇನ್ನೂ ನಿಂತಿಲ್ಲ. ನನಗನ್ನಿಸುತ್ತದೆ, ಮೈಯಲ್ಲಿ ಕಸುವಿದ್ದವರೇ ತಾನೇ ಹೊರಗೆ ಹೋಗಿ ದುಡಿಯೋದು? ಯಾವುದರಿಂದ ಯಾವುದು ಬಂತು ಅಂತ ಹೇಗೆ ಹೇಳೋದು? ಡಾಕ್ಟರಿಗೂ ಇದನ್ನೇ ಅಂದೆ, ನಕ್ಕರು. ನಿದ್ದೆ ಮಾತ್ರ ಚೆನ್ನಾಗಿ ಬರುತ್ತದೆ, ಅದಕ್ಕೆ ಅಧ್ಯಯನ ಬೇಡ. ಖರ್ಚಂತೂ ಇಲ್ಲ, 2023ರ ಜೂನಿನಿಂದ ನಮ್ಮ ಹೆಂಗಸರಿಗೆ ಬಸ್ ಫ್ರೀ. ನಿಮ್ಮಪ್ಪ ಮೊದಮೊದಲು ಗೊಣಗುತ್ತಿದ್ದರು. ಈಗ ಬಸ್ ಬೇಡ ಅಂತ ಸ್ಕೂಟರಿನಲ್ಲಿ ಬಿಟ್ಟು, ಗೇಟಿನ ವಾಚ್‌ಮನ್ ಜೊತೆ ನಾಲ್ಕು ಗಂಟೆ ಹರಟೆ ಹೊಡೆಯುತ್ತಾರೆ. ಅವರಿಗೂ ಏನೋ ಸಿಕ್ಕಿದೆ, ಕೇಳಿದರೆ ಒಪ್ಪಲ್ಲ.

ಈಗ ನಿನ್ನ ವಿಷಯ. ಹಿಂಜೆವಾಡಿಯ ಆ ಪಿಜಿಯಲ್ಲಿ ಭಾನುವಾರ ಹನ್ನೊಂದಕ್ಕೆ ಎದ್ದು, ಮಲಗಿದಲ್ಲೇ ಫೋನ್ ನೋಡಿ, ಸಂಜೆ ನಾಲ್ಕಕ್ಕೆ "ಅಮ್ಮಾ ಬೋರು" ಅಂತೀಯ. ಎರಡು ವರ್ಷ ಆಯ್ತು, ನಿನ್ನ ಬಾಯಲ್ಲಿ ಆಫೀಸಿನವರ ಹೆಸರು ಬಿಟ್ಟು ಪುಣೆಯ ಒಬ್ಬರ ಹೆಸರೂ ಬಂದಿಲ್ಲ. ಸ್ಕ್ರೈಬ್ ಆಗು ಅನ್ನೋಣ ಅಂದರೆ ನೀನು ಬಿಇ ಮಾಡಿಬಿಟ್ಟಿದ್ದೀಯ. ಡಿಗ್ರಿ ಮಕ್ಕಳಿಗೆ ನೀನು ಲಾಯಕ್ಕಿಲ್ಲ ಮಗಳೇ, ಏನು ಮಾಡೋದು! ಆ ಫಾರ್ಮಿನಲ್ಲಿ ನೀನು ಬರೆದ ಬಿ.ಎ. ನಿಜವಾಗಿದ್ದರೆ ನಾನೂ ಲಾಯಕ್ಕಿರುತ್ತಿರಲಿಲ್ಲ.

ಆದರೆ ಓದೋಕೆ ಯಾವ ನಿಯಮವೂ ಇಲ್ಲ. ಕೊಳ್ಳೇಗಾಲದ ಹುಡುಗಿ ಈಗ ಎಂ.ಎ. ಸೇರಿದ್ದಾಳೆ. ಸಮಾಜಶಾಸ್ತ್ರದ ಒಂದು ಅಧ್ಯಾಯ ಇಂಗ್ಲಿಷಿನಲ್ಲೇ ಇದೆ. ಅವಳ ಸೀನಿಯರ್ ಪೆನ್ಸಿಲಿನಲ್ಲಿ ಅಂಚಿಗೆಲ್ಲ ನೋಟ್ಸ್ ಬರೆದಿದ್ದಾರೆ, ಅದೂ ಬೇಕಂತೆ. ನಾನು ಓದಿ ಕಳಿಸಿದೆ. ಡರ್ಕೈಮ್ ಅನ್ನೋ ಹೆಸರನ್ನು ನಾನು ಹೇಗೆ ಓದಿದೆ ಅಂತ ಹಾಸ್ಟೆಲಿನಲ್ಲಿ ಇನ್ನೂ ನಗುತ್ತಿದ್ದಾರೆ. ಹನ್ನೊಂದು ಪುಟದ ಫೋಟೋ ನಿನ್ನ ವಾಟ್ಸಾಪಿಗೆ ಕಳಿಸಿದ್ದೇನೆ. ಫ್ಯಾನ್ ಆಫ್ ಮಾಡಿ ಓದು, ಇಲ್ಲದಿದ್ದರೆ ಗೊರಗೊರ ಕೇಳಿಸುತ್ತದೆ. ಪುಟದ ನಂಬರ್ ಹೇಳಿ ಶುರು ಮಾಡು. ಅಂಚಿನ ನೋಟ್ಸ್ ಬಂದಾಗ "ನೋಟ್ಸ್" ಅಂತ ಹೇಳಿ ಓದು. ತಪ್ಪಾದರೆ ನಿಲ್ಲಿಸಬೇಡ, ಅದೇ ಸಾಲನ್ನು ಇನ್ನೊಮ್ಮೆ ಓದಿ ಮುಂದೆ ಹೋಗು.

ಅವಳಿಗೆ ಗುರುವಾರ ಬೇಕು. ಆಗಲ್ಲ ಅಂದರೆ ಇವತ್ತೇ ಹೇಳು, ಬುಧವಾರ ರಾತ್ರಿ ಒಂಬತ್ತಕ್ಕೆ ಹೇಳಬೇಡ.

ನಿನ್ನ,
ಅಮ್ಮ